ನೋಟ ಹೊರಗಿರಲಿ: ಹಾರಾಟ ಕಲಿಯುವವರ ಪ್ರಶ್ನೆಗಳಿಗೆ ಉತ್ತರ

(ಪುಟ್ಟ ವಿಮಾನಗಳ ಹಾರಾಟ ಕಲಿಯುತ್ತಿರುವವರು, ಕಲಿಯಬೇಕೆಂದಿರುವವರು ಮತ್ತು ಅವರ ಮನೆಯವರು ಕೇಳಿದ ಪ್ರಶ್ನೆಗಳಿಗೆ ನಿವೃತ್ತ ಹಾರಾಟ ಬೋಧಕರೊಬ್ಬರು ಇಲ್ಲಿ ಉತ್ತರಿಸಿದ್ದಾರೆ.)

ಪ್ರಶ್ನೆ: ಟೇಕಾಫ್, ತಿರುವು, ಸ್ಟಾಲ್‌ನಿಂದ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಸ್ಥಿತಿ) ಹೊರಬರುವುದು ಎಲ್ಲವೂ ಬಂದಿದೆ. ಇಳಿಸುವುದು ಮಾತ್ರ ಬರುತ್ತಿಲ್ಲ. ಒಮ್ಮೆ ವಿಮಾನ ಪುನಃ ಮೇಲೇಳುತ್ತದೆ, ಇನ್ನೊಮ್ಮೆ ಧಡಕ್ಕೆಂದು ಬೀಳುತ್ತದೆ. ಕೊನೆಯ ಗಳಿಗೆಯವರೆಗೂ ವೇಗಮಾಪಕವನ್ನೇ ನೋಡುತ್ತಿರುತ್ತೇನೆ, ತಲೆಯೆತ್ತಿದರೆ ನೆಲ ಮುಖಕ್ಕೇ ಬಂದಿರುತ್ತದೆ. ಜೊತೆಯವರೆಲ್ಲ ಸೋಲೋ ಮುಗಿಸಿದರು. ಬೋಧಕರು ನನ್ನನ್ನು ಒಬ್ಬನೇ ಬಿಡುತ್ತಿಲ್ಲ. ನನಗೆ ಈ ಕೈಗುಣವೇ ಇಲ್ಲವೇ?
— ವಿದ್ಯಾರ್ಥಿ ಪೈಲಟ್, ಕಲಬುರಗಿ

ಉತ್ತರ: ನಿಮ್ಮ ತೊಂದರೆ ಇರುವುದು ಕಣ್ಣಿನಲ್ಲಿ. ನೆಲ ಮುಖಕ್ಕೆ ಬಂದಂತೆ ಕಂಡರೆ ಯಾರಾದರೂ ಯೋಕನ್ನು (ಮೂತಿ ಎತ್ತುವ, ತಗ್ಗಿಸುವ ಹಿಡಿಕೆ) ಎಳೆಯುತ್ತಾರೆ. ಎಳೆದರೆ ವಿಮಾನ ಮೇಲೇಳುತ್ತದೆ, ವೇಗ ಇಳಿಯುತ್ತದೆ, ರೆಕ್ಕೆಗೆ ಎತ್ತುವ ಬಲ ಸಾಲದಾಗುತ್ತದೆ, ಆಮೇಲೆ ಬೀಳುತ್ತದೆ. ನೀವು ಎರಡು ತಪ್ಪುಗಳೆಂದು ಬರೆದಿರುವುದು ಒಂದೇ ತಪ್ಪಿನ ಆದಿ ಮತ್ತು ಅಂತ್ಯ.

ಫೈನಲ್‌ಗೆ, ಅಂದರೆ ರನ್‌ವೇಗೆ ನೇರವಾದ ಕೊನೆಯ ಹಾದಿಗೆ, ತಿರುಗಿದ ಕೂಡಲೇ ವೇಗವನ್ನು ಸರಿಮಾಡಿಕೊಂಡು ಟ್ರಿಮ್ ಮಾಡಿಬಿಡಿ (ಯೋಕನ್ನು ಒತ್ತಿ ಹಿಡಿಯಬೇಕಾಗದಂತೆ ಹೊಂದಿಸಿಡುವುದು). ಸೆಸ್ನಾ 172 (ತರಬೇತಿಯ ಪುಟ್ಟ ವಿಮಾನ) ಆದರೆ 65 ನಾಟ್ (ಗಂಟೆಗೆ ಸುಮಾರು 120 ಕಿಲೋಮೀಟರ್) ಆಸುಪಾಸು. ಸರಿಯಾಗಿ ಟ್ರಿಮ್ ಆದ ವಿಮಾನ ಆ ವೇಗವನ್ನು ತಾನೇ ಕಾಯ್ದುಕೊಳ್ಳುತ್ತದೆ. ನೀವು ಮುಳ್ಳಿನ ಮೇಲೆ ಆಗಾಗ ಕಣ್ಣು ಹಾಯಿಸಿದರೆ ಸಾಕು. ಉಳಿದ ಹೊತ್ತೆಲ್ಲ ರನ್‌ವೇ ಆರಂಭದಲ್ಲಿ ಆರಿಸಿಕೊಂಡ ಗುರಿಯ ಬಿಂದುವನ್ನು ನೋಡಿ. ಅದು ಮುಂದಿನ ಗಾಜಿನಲ್ಲಿ ಒಂದೇ ಕಡೆ ನಿಂತಿದ್ದರೆ ನೀವು ಅಲ್ಲಿಗೇ ಹೋಗುತ್ತಿದ್ದೀರಿ. ಗಾಜಿನಲ್ಲಿ ಕೆಳಕ್ಕೆ ಜಾರುತ್ತಿದ್ದರೆ ಅದನ್ನು ದಾಟಿ ಹೋಗುತ್ತೀರಿ, ಮೇಲಕ್ಕೆ ಏರುತ್ತಿದ್ದರೆ ಅಲ್ಲಿಗೆ ಮುಟ್ಟುವುದಿಲ್ಲ.

ಒಂದು ಮಹಡಿಯ ಮನೆಯಷ್ಟು ಎತ್ತರಕ್ಕೆ ಬಂದಾಗ ನೋಟವನ್ನು ರನ್‌ವೇಯ ಆ ತುದಿಗೆ ಎತ್ತಿ. ಇಡೀ ಇಳಿಕೆಯಲ್ಲಿ ನಾನು ಅತಿ ಮುಖ್ಯವೆಂದು ನಂಬಿರುವುದು ಈ ಒಂದು ಚಲನೆಯನ್ನು. ಥ್ರಾಟಲನ್ನು (ಎಂಜಿನ್ ಶಕ್ತಿಯ ಹಿಡಿಕೆ) ನಿಧಾನವಾಗಿ ಮುಚ್ಚಿ. ವಿಮಾನ ಇಳಿಯಲು ನೋಡುತ್ತದೆ, ನೀವು ಬಿಡಬೇಡಿ. ಅದು ಕುಸಿದಷ್ಟೇ ಯೋಕನ್ನು ಹಿಂದಕ್ಕೆ ತನ್ನಿ, ಹೆಚ್ಚು ಬೇಡ. ಕಣ್ಣು ದೂರದಲ್ಲಿದ್ದಾಗ ಎರಡೂ ಬದಿಯ ಅಂಚುಗಳು ಮೇಲಕ್ಕೆ ಏಳುವುದು ಕಾಣುತ್ತದೆ, ಎತ್ತರದ ಅಂದಾಜು ಸಿಗುವುದು ಅದರಿಂದಲೇ. ಎಡ ರೆಕ್ಕೆಯ ಮುಂದಿನ ಅಂಚಿನಲ್ಲಿರುವ ಸಣ್ಣ ರಂಧ್ರದ ಸ್ಟಾಲ್ ಸೂಚಕ ಕೊರಗುವ ಹೊತ್ತಿಗೆ ಹಿಂದಿನ ಎರಡು ಚಕ್ರಗಳು ನೆಲ ಮುಟ್ಟಬೇಕು.

ನಿಮ್ಮಲ್ಲಿ ಇನ್ನೊಂದು ಕಾರಣವೂ ಇದೆ. ಕಲಬುರಗಿಯದು ದೊಡ್ಡ ವಿಮಾನಗಳಿಗೆ ಕಟ್ಟಿದ ರನ್‌ವೇ, ಉದ್ದ ಮೂರು ಕಿಲೋಮೀಟರಿಗೂ ಹೆಚ್ಚು, ಅಗಲವೂ ಹಾಗೆಯೇ. ಅಗಲವಾದ ರನ್‌ವೇ ನಾವು ಇರುವುದಕ್ಕಿಂತ ಕೆಳಗಿದ್ದೇವೆ ಎಂಬ ಭ್ರಮೆ ಹುಟ್ಟಿಸುತ್ತದೆ. ಆದ್ದರಿಂದ ಬೇಗ ಎಳೆಯುತ್ತೀರಿ. ಮುಂದೆ ಕಿರಿದಾದ ರನ್‌ವೇಗೆ ಹೋದಾಗ ಇದೇ ಕಣ್ಣು ತಡವಾಗಿ ಎಳೆಯುವಂತೆ ಮಾಡುತ್ತದೆ, ನೆನಪಿಡಿ. ಉದ್ದದಿಂದ ಲಾಭವೂ ಇದೆ: ಸ್ವಲ್ಪ ಪವರ್ ಇಟ್ಟುಕೊಂಡು, ನೆಲ ಮುಟ್ಟಿಸದೆ, ಕೆಲವೇ ಅಡಿ ಎತ್ತರದಲ್ಲಿ ರನ್‌ವೇ ಉದ್ದಕ್ಕೂ ಹಾರಿಸಲು ಬೋಧಕರನ್ನು ಕೇಳಿ. ಆ ಎತ್ತರದ ಚಿತ್ರ ಕಣ್ಣಿಗೆ ಕೂರಲು ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ.

ಮೇಲೆದ್ದು ತೇಲಿದರೆ ಮೂತಿಯನ್ನು ಕೆಳಕ್ಕೆ ಒತ್ತಬೇಡಿ. ಮುಂದಿನ ಚಕ್ರ ಮೊದಲು ಬಡಿದು, ವಿಮಾನ ಪುಟಿದು, ಪ್ರೊಪೆಲ್ಲರ್ ನೆಲಕ್ಕೆ ತಾಗುವುದು ಹೀಗೆಯೇ. ಸ್ವಲ್ಪವೇ ತೇಲಿದ್ದರೆ ಹಿಡಿದು ಕಾಯಿರಿ. ಹೆಚ್ಚಾದರೆ ಪೂರ್ಣ ಥ್ರಾಟಲ್ ಕೊಟ್ಟು ಗೋ ಅರೌಂಡ್ ಮಾಡಿ, ಅಂದರೆ ಇಳಿಯದೆ ಪುನಃ ಏರಿ.

ಸೋಲೋ ಬಗ್ಗೆ. ನಾನು ಬೋಧಕನಾಗಿದ್ದಾಗ ಒಬ್ಬರನ್ನು ಒಂಟಿಯಾಗಿ ಕಳುಹಿಸಲು ಸೊಗಸಾದ ಇಳಿಕೆಗಾಗಿ ಕಾಯುತ್ತಿರಲಿಲ್ಲ. ಕೆಟ್ಟುಹೋದ ಅಪ್ರೋಚನ್ನು (ಇಳಿಯಲು ಬರುವ ಹಾದಿ) ನಾನು ಹೇಳುವ ಮೊದಲೇ ಕೈಬಿಟ್ಟು, ತಾವಾಗಿ ಪುನಃ ಏರುವ ದಿನಕ್ಕಾಗಿ ಕಾಯುತ್ತಿದ್ದೆ. ನಿಮ್ಮ ಬೋಧಕರೂ ಅದನ್ನೇ ಕಾಯುತ್ತಿರಬಹುದು. ಜೊತೆಯವರ ಲಾಗ್‌ಬುಕ್ ಕಡೆ ನೋಡಬೇಡಿ.

ಪ್ರಶ್ನೆ: ಮಗಳು ಒಂದೇ ಎಂಜಿನ್ನಿನ ವಿಮಾನದಲ್ಲಿ ಒಬ್ಬಳೇ ಹಾರುತ್ತಾಳೆ. ಮೇಲೆ ಎಂಜಿನ್ ನಿಂತುಹೋದರೆ ಏನು ಗತಿ? ಅವಳನ್ನು ಕೇಳಿದರೆ ನಕ್ಕು ಸುಮ್ಮನಾಗುತ್ತಾಳೆ. ನನಗೆ ನಿದ್ದೆ ಬರುವುದಿಲ್ಲ.
— ಒಬ್ಬ ತಾಯಿ, ಶಿರಸಿ

ಉತ್ತರ: ತಾಯಿ, ಇದು ಕೇಳಲೇಬೇಕಾದ ಪ್ರಶ್ನೆ, ನಿಮ್ಮ ಮಗಳು ಇದಕ್ಕೆ ಪೂರ್ತಿ ಉತ್ತರ ಕೊಡಬೇಕಿತ್ತು. ಎಂಜಿನ್ ನಿಂತರೆ ವಿಮಾನ ಕಲ್ಲಿನಂತೆ ಬೀಳುವುದಿಲ್ಲ. ಅದನ್ನು ಎತ್ತಿ ಹಿಡಿದಿರುವುದು ರೆಕ್ಕೆ. ಮೂತಿಯನ್ನು ತುಸು ತಗ್ಗಿಸಿ ಸರಿಯಾದ ವೇಗ ಹಿಡಿದರೆ ಸೆಸ್ನಾ 172 ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು ಒಂದೂವರೆ ನಾಟಿಕಲ್ ಮೈಲಿ, ಅಂದರೆ ಎರಡೂಮುಕ್ಕಾಲು ಕಿಲೋಮೀಟರ್ ತೇಲಿಕೊಂಡು ಸಾಗುತ್ತದೆ. ನೆಲದಿಂದ 3,000 ಅಡಿ ಮೇಲಿದ್ದರೆ ಗಾಳಿಯಿಲ್ಲದ ದಿನ ಎಂಟು ಕಿಲೋಮೀಟರ್ ದೂರದವರೆಗಿನ ಬಯಲು ಅವಳಿಗೆ ದಕ್ಕುತ್ತದೆ.

ಎಂಜಿನ್ ನಿಲ್ಲದಂತೆ ಮಾಡಿರುವ ಏರ್ಪಾಡೂ ಇದೆ. ಪ್ರತಿ ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್, ಕಿಡಿ ಕೊಡಲು ಎರಡು ಪ್ರತ್ಯೇಕ ಮ್ಯಾಗ್ನೆಟೊ. ಬ್ಯಾಟರಿ ಸತ್ತರೂ ಕಿಡಿ ನಿಲ್ಲುವುದಿಲ್ಲ. ಹಾರುವ ಮೊದಲು ಒಂದೊಂದೇ ಮ್ಯಾಗ್ನೆಟೊ ಮೇಲೆ ಎಂಜಿನ್ ಓಡಿಸಿ ನೋಡುತ್ತಾರೆ, ಎಂಜಿನ್ ಸುತ್ತುವ ವೇಗ ಮಿತಿಗಿಂತ ಹೆಚ್ಚು ಇಳಿದರೆ ಆ ದಿನ ಹಾರಾಟವಿಲ್ಲ. ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನವನ್ನು ಪಾರದರ್ಶಕ ಬಟ್ಟಲಿಗೆ ಬಸಿದು ಬೆಳಕಿಗೆ ಹಿಡಿಯುತ್ತಾರೆ. ಈ ವಿಮಾನಗಳಿಗೆ ಹಾಕುವ ಆವ್‌ಗ್ಯಾಸ್ ತಿಳಿನೀಲಿ, ನೀರು ಸೇರಿದ್ದರೆ ಅಡಿಯಲ್ಲಿ ಬೇರೆಯಾಗಿ ಕಾಣುತ್ತದೆ. ಮಗಳು ಮನೆಗೆ ಬಂದಾಗ ಇದನ್ನು ಪ್ರತಿ ಹಾರಾಟಕ್ಕೂ ಮುಂಚೆ ಮಾಡುತ್ತಾಳೆಯೇ ಎಂದು ಕೇಳಿ. ಅವಸರದಲ್ಲಿಯೂ ಮಾಡುತ್ತೇನೆ ಎಂದರೆ ನೆಮ್ಮದಿಯಾಗಿ ಮಲಗಿ.

ಒಂಟಿ ಹಾರಾಟಕ್ಕೆ ಬಿಡುವ ಮೊದಲೇ ಬೋಧಕರು ಥ್ರಾಟಲ್ ಮುಚ್ಚಿ ‘ಎಂಜಿನ್ ನಿಂತಿದೆ, ಎಲ್ಲಿ ಇಳಿಯುತ್ತೀಯ?’ ಎಂದು ಎಷ್ಟೋ ಸಲ ಕೇಳಿರುತ್ತಾರೆ. ಗದ್ದೆಯ ಬದುಗಳು, ಕೆರೆಯ ಅಲೆ ಮತ್ತು ಹೊಗೆ ತೋರಿಸುವ ಗಾಳಿಯ ದಿಕ್ಕು, ವಿದ್ಯುತ್ ತಂತಿ, ಇವೆಲ್ಲವನ್ನೂ ನೋಡಿಟ್ಟುಕೊಳ್ಳುತ್ತ ಹಾರುವುದು ಅವಳ ಪಾಠವೇ ಆಗಿದೆ. ತಂತಿ ಮೇಲಿನಿಂದ ಕಾಣುವುದಿಲ್ಲ, ಕಂಬಗಳನ್ನು ಹುಡುಕಬೇಕು. ನಾನು ಮಾತ್ರ ಒಂದು ವಿಷಯಕ್ಕೆ ಹೆದರುತ್ತೇನೆ, ನಿಮ್ಮ ಮಗಳಿಗೂ ಓದಿ ಹೇಳಿ: ಟೇಕಾಫ್ ಆಗಿ ಕೆಲವೇ ನೂರು ಅಡಿ ಏರುವಷ್ಟರಲ್ಲಿ ಎಂಜಿನ್ ಕೈಕೊಟ್ಟರೆ ರನ್‌ವೇಗೆ ಮರಳಿ ತಿರುಗಬಾರದು. ಆ ತಿರುವಿನಲ್ಲಿ ವೇಗ ಕಳೆದುಕೊಂಡು ಪ್ರಾಣ ಬಿಟ್ಟವರು ಜಗತ್ತಿನ ಹಲವು ದೇಶಗಳಲ್ಲಿದ್ದಾರೆ. ಮೂತಿ ತಗ್ಗಿಸಿ, ಎದುರಿಗೆ ಸಿಕ್ಕ ಜಾಗದಲ್ಲಿ ಇಳಿಯಬೇಕು. ವಿಮಾನ ಮುರಿದರೆ ಮುರಿಯಲಿ.

ಪ್ರಶ್ನೆ: ಬೆಂಗಳೂರಿನಲ್ಲಿ ಸೆಸ್ನಾ 152 ಹಾರಿಸುತ್ತೇನೆ. ಏಪ್ರಿಲ್ ಮಧ್ಯಾಹ್ನ ಇದೇ ವಿಮಾನ ಏರಲು ಒದ್ದಾಡುತ್ತದೆ. ಎಂಜಿನ್ ದೋಷವೇ?
— ಪಿಪಿಎಲ್ (ಖಾಸಗಿ ಪೈಲಟ್ ಲೈಸೆನ್ಸ್) ವಿದ್ಯಾರ್ಥಿ

ಉತ್ತರ: ಮೆಕ್ಯಾನಿಕ್ ನೋಡಿ ಎಂಜಿನ್ ಸರಿಯಿದೆ ಎಂದರೆ ಕಾರಣ ಗಾಳಿ: ಎತ್ತರದಲ್ಲಿ, ಬಿಸಿಲಿನಲ್ಲಿ ಅದು ತೆಳುವಾಗುತ್ತದೆ. ಬೆಂಗಳೂರಿನ ಜಕ್ಕೂರು ವಿಮಾನಾಂಗಣ ಇರುವುದು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲೆ. ಪ್ರಮಾಣಿತ ವಾತಾವರಣದ ಲೆಕ್ಕದಲ್ಲಿ ಅಲ್ಲಿ 9 ಡಿಗ್ರಿ ಇರಬೇಕು. ಏಪ್ರಿಲ್ ಮಧ್ಯಾಹ್ನ 34 ಇದ್ದರೆ 25 ಡಿಗ್ರಿ ಹೆಚ್ಚಾಯಿತು. ಡಿಗ್ರಿಗೆ 120 ಅಡಿಯಂತೆ 3,000 ಅಡಿ ಕೂಡಿಸಿ. ಗಾಳಿಯ ಸಾಂದ್ರತೆಯ ಲೆಕ್ಕದಲ್ಲಿ ನೀವು 6,000 ಅಡಿಯಲ್ಲಿದ್ದೀರಿ, ಮುಳ್ಳಯ್ಯನಗಿರಿಯ ನೆತ್ತಿಗೆ ಹತ್ತಿರ. ಸಮುದ್ರಮಟ್ಟದಲ್ಲಿ 110 ಅಶ್ವಶಕ್ತಿ ಕೊಡುವ ಎಂಜಿನ್ ಅಲ್ಲಿ ಅಷ್ಟು ಕೊಡಲಾರದು. ಪ್ರೊಪೆಲ್ಲರ್ ಮತ್ತು ರೆಕ್ಕೆಗೂ ಅದೇ ತೆಳು ಗಾಳಿ.

ಅಪಾಯ ಇರುವುದು ನಿಮ್ಮ ಅಭ್ಯಾಸದಲ್ಲಿ. ಬೆಳಗಿನ ಏರಿಕೆಯನ್ನು ಮಧ್ಯಾಹ್ನವೂ ಪಡೆಯಲು ಮೂತಿ ಎತ್ತುತ್ತೀರಿ, ವೇಗ ಕರಗುತ್ತದೆ. ದಿಗಂತಕ್ಕೆ ಮೂತಿ ಎಲ್ಲಿರಬೇಕೋ ಅಲ್ಲಿರಲಿ, ಸಿಕ್ಕಷ್ಟು ಏರಿಕೆಯನ್ನು ಒಪ್ಪಿಕೊಳ್ಳಿ. ಕೈಪಿಡಿಯ ಕೋಷ್ಟಕದಿಂದ ಓಟದ ದೂರವನ್ನು ನೀವೇ ಲೆಕ್ಕ ಹಾಕಿ. ರನ್‌ವೇಯ ಅರ್ಧಕ್ಕೆ ಬಂದಾಗ ಮೇಲೇಳುವ ವೇಗದ ಶೇಕಡ 70ರಷ್ಟು ಬಂದಿರದಿದ್ದರೆ ಥ್ರಾಟಲ್ ಮುಚ್ಚಿ ನಿಲ್ಲಿಸಿ. ಇದರ ಜೊತೆಗೆ, ಬೆಳಗಿನ ಸರದಿ ಕೇಳಿ ಪಡೆಯಿರಿ. ಗಾಳಿ ತಣ್ಣಗಿರುತ್ತದೆ, ಕುಲುಕಾಟವೂ ಕಡಿಮೆ.

ಪ್ರಶ್ನೆ: ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮ. ಈಗ ಪಿಯುಸಿ ವಿಜ್ಞಾನ. ಕನ್ನಡಕ ಹಾಕುತ್ತೇನೆ. ‘ಹುಡುಗಿ, ಇಂಗ್ಲಿಷ್ ಬಾರದು, ಕಣ್ಣೂ ಸರಿಯಿಲ್ಲ, ಪೈಲಟ್ ಆಗುತ್ತಾಳಂತೆ’ ಎನ್ನುತ್ತಾರೆ.
— ವಿದ್ಯಾರ್ಥಿನಿ, ಸಿಂಧನೂರು

ಉತ್ತರ: ಮಗಳೇ, ಹಾಗೆನ್ನುವವರಿಗೆ ಉಷಾ ಸುಂದರಂ ಅವರ ಕಥೆ ಹೇಳು. 1949ರಲ್ಲಿ ಅವರು ಜಕ್ಕೂರಿನ ಸರ್ಕಾರಿ ಹಾರಾಟ ತರಬೇತಿ ಶಾಲೆಯಲ್ಲಿ ಕಲಿತು ಪೈಲಟ್ ಆದರು. ಪತಿ ಕ್ಯಾಪ್ಟನ್ ವಿ. ಸುಂದರಂ ಅವರೂ ಪೈಲಟ್. 1951ರಲ್ಲಿ ಈ ದಂಪತಿ ಡಿ ಹ್ಯಾವಿಲಾಂಡ್ ಡವ್ ವಿಮಾನವೊಂದನ್ನು ಇಂಗ್ಲೆಂಡಿನಿಂದ ಮುಂಬೈಗೆ 27 ಗಂಟೆಗಳಲ್ಲಿ ಹಾರಿಸಿ ತಂದರು. ನಮ್ಮ ನೆಲದಲ್ಲಿ ಈ ದಾರಿ ತೆರೆದು ಮುಕ್ಕಾಲು ಶತಮಾನವಾಗಿದೆ.

ಕನ್ನಡಕ ಅಡ್ಡಿಯಲ್ಲ. ಅದನ್ನು ಹಾಕಿಕೊಂಡಾಗ ದೃಷ್ಟಿ ನಿಗದಿತ ಮಟ್ಟಕ್ಕೆ ಬಂದರೆ ಸಾಕು, ಹಾರುವಾಗ ಇನ್ನೊಂದು ಜೊತೆ ಕನ್ನಡಕ ಕೈಗೆಟುಕುವಲ್ಲಿ ಇರಬೇಕು. ಬಣ್ಣಗಳನ್ನು ಗುರುತಿಸುವ ಪರೀಕ್ಷೆ ಹೆಚ್ಚು ಕಠಿಣ. ಮೊದಲು ಎರಡನೇ ದರ್ಜೆಯ ವೈದ್ಯಕೀಯ ಪರೀಕ್ಷೆ, ಪೈಲಟ್ ವೃತ್ತಿಯೇ ಬೇಕಿದ್ದರೆ ಆಮೇಲೆ ಒಂದನೇ ದರ್ಜೆಯದು. ಇವೆರಡೂ ಕೈಗೆ ಬರುವವರೆಗೆ ಯಾವ ಶಾಲೆಗೂ ಶುಲ್ಕ ಕಟ್ಟಬೇಡ. ಹಣ ಕಟ್ಟಿದ ಮೇಲೆ ಅನರ್ಹತೆ ತಿಳಿಯುವ ಸಂಕಟ ಯಾರಿಗೂ ಬೇಡ.

ಇಂಗ್ಲಿಷ್ ಬೇಕು, ಅದನ್ನು ಮುಚ್ಚಿಡುವುದಿಲ್ಲ. ಏರ್ ನ್ಯಾವಿಗೇಶನ್, ಹವಾಮಾನ, ವಾಯು ನಿಯಮಗಳು, ತಾಂತ್ರಿಕ ವಿಷಯ ಎಲ್ಲದರ ಲಿಖಿತ ಪರೀಕ್ಷೆಯೂ ಇಂಗ್ಲಿಷಿನಲ್ಲಿಯೇ, ತೇರ್ಗಡೆಗೆ ಶೇಕಡ 70 ಅಂಕ. ಭಾಷಾ ಪರೀಕ್ಷೆಯಲ್ಲಿ ಕನಿಷ್ಠ ನಾಲ್ಕನೇ ಹಂತ ಬೇಕು. ಆದರೆ ರೇಡಿಯೋ ಮಾತು ಅಳತೆಯ ಮಾತು. ಟವರ್ ಕೊಟ್ಟ ರನ್‌ವೇ, ಎತ್ತರ ಮತ್ತು ಅನುಮತಿಯನ್ನು ಹಾಗೆಯೇ ತಿರುಗಿ ಹೇಳಬೇಕು. ತಿಳಿಯದಿದ್ದರೆ ‘ಸೇ ಅಗೇನ್’ ಎನ್ನಬೇಕು, ಅದಕ್ಕೆ ನಾಚಿಕೆಯೇ ಇಲ್ಲ. ಕಾನ್ವೆಂಟಿನಲ್ಲಿ ಓದಿದವರು ತಿಳಿದಂತೆ ನಟಿಸಿ ತಪ್ಪು ರನ್‌ವೇಗೆ ಹೊರಟಿದ್ದನ್ನು ನೋಡಿದ್ದೇನೆ, ಕನ್ನಡ ಮಾಧ್ಯಮದವರು ಪುನಃ ಕೇಳಿ ಸರಿಯಾಗಿ ಹೋಗಿದ್ದನ್ನೂ ನೋಡಿದ್ದೇನೆ. ನಿನಗೆ 16 ತುಂಬಿದ್ದರೆ ವಿದ್ಯಾರ್ಥಿ ಪೈಲಟ್ ಲೈಸೆನ್ಸಿಗೆ ವಯಸ್ಸಾಯಿತು. ಭೌತಶಾಸ್ತ್ರ ಮತ್ತು ಗಣಿತವನ್ನು ಬಿಡಬೇಡ.

ಪ್ರಶ್ನೆ: ಮಗನಿಗೆ ಸಿಪಿಎಲ್ (ವಾಣಿಜ್ಯ ಪೈಲಟ್ ಲೈಸೆನ್ಸ್) ಮಾಡಿಸಲು ತೆಂಗಿನ ತೋಟ ಮಾರಬೇಕೆಂದಿದ್ದೇನೆ. ನಿಮ್ಮ ಸಲಹೆ?
— ಕೃಷಿಕರು, ಅರಸೀಕೆರೆ

ಉತ್ತರ: ಈಗಲೇ ಮಾರಬೇಡಿ. 200 ಗಂಟೆಗಳ ಹಾರಾಟ ಮುಗಿಸಿ ಸಿಪಿಎಲ್ ಪಡೆಯಲು ನಮ್ಮ ದೇಶದಲ್ಲಿ 50 ಲಕ್ಷ ರೂಪಾಯಿಯ ಆಸುಪಾಸು ಬೇಕಾಗುತ್ತದೆ, ಏರ್‌ಲೈನ್ ಸೇರಲು ಬೇಕಾದ ಟೈಪ್ ರೇಟಿಂಗ್ (ಒಂದು ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಅರ್ಹತೆ) ಖರ್ಚು ಬೇರೆ. ಲೈಸೆನ್ಸ್ ಕೈಗೆ ಬಂದ ಮೇಲೂ ಕೆಲಸಕ್ಕಾಗಿ ವರ್ಷಗಟ್ಟಲೆ ಕಾದವರಿದ್ದಾರೆ. ಮೊದಲು ವೈದ್ಯಕೀಯ ಪರೀಕ್ಷೆ ಆಗಲಿ, ಲಿಖಿತ ಪರೀಕ್ಷೆಗಳು ಆಗಲಿ. ಇವಕ್ಕೆ ತೋಟ ಮಾರಬೇಕಾಗಿಲ್ಲ, ಹುಡುಗನ ಹಟವೂ ಗೊತ್ತಾಗುತ್ತದೆ.

ಶಾಲೆ ನೋಡಲು ನೀವೇ ಹೋಗಿ. ಕಚೇರಿಯ ಸೋಫಾದಲ್ಲಿ ಕೂರಬೇಡಿ, ಹ್ಯಾಂಗರ್ (ವಿಮಾನಗಳ ಶೆಡ್) ಮುಂದೆ ನಿಂತುಕೊಳ್ಳಿ. ಇಂದು ಎಷ್ಟು ವಿಮಾನ ಹಾರುತ್ತಿವೆ, ಎಷ್ಟು ಬಿಡಿಭಾಗಕ್ಕಾಗಿ ಕಾಯುತ್ತಿವೆ, ಒಂದು ವಿಮಾನಕ್ಕೆ ಎಷ್ಟು ವಿದ್ಯಾರ್ಥಿಗಳು, ಹಿಂದಿನ ತಂಡಕ್ಕೆ 200 ಗಂಟೆ ಮುಗಿಸಲು ಎಷ್ಟು ತಿಂಗಳು ಹಿಡಿಯಿತು ಎಂದು ಕೇಳಿ. ಇದೇ ಪ್ರಶ್ನೆಗಳನ್ನು ಹೊರಗಿನ ಚಹಾ ಅಂಗಡಿಯಲ್ಲಿ ವಿದ್ಯಾರ್ಥಿಗಳಿಗೂ ಕೇಳಿ, ಎರಡು ಉತ್ತರಗಳನ್ನೂ ಹೋಲಿಸಿ. ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ 2025ರಿಂದ ಹಾರಾಟ ಶಾಲೆಗಳಿಗೆ ಶ್ರೇಣಿ ಕೊಡುತ್ತಿದೆ, ಅದನ್ನೂ ನೋಡಿ. ಪೂರ್ತಿ ಹಣ ಒಮ್ಮೆಗೇ ಕೇಳುವ ಶಾಲೆಯಿಂದ ಎದ್ದು ಬನ್ನಿ. ಹಾರಿದ ಗಂಟೆಗಳಿಗೆ ತಕ್ಕಂತೆ ಕಂತು ಇರಬೇಕು.

ಪ್ರಶ್ನೆ: ಮನೆಯ ಕಂಪ್ಯೂಟರಿನಲ್ಲಿ ಸಿಮ್ಯುಲೇಟರ್ ಆಡಿದರೆ ಹಾರಾಟ ಬೇಗ ಬರುತ್ತದೆಯೇ?
— ಮೈಸೂರು

ಉತ್ತರ: ಚೆಕ್‌ಲಿಸ್ಟ್ ಬಾಯಿಪಾಠ ಮಾಡಲು, ಸರ್ಕಿಟ್‌ನ (ರನ್‌ವೇ ಸುತ್ತಿನ ಹಾರಾಟದ ಹಾದಿ) ಯಾವ ಹಂತದಲ್ಲಿ ಏನು ಮಾಡಬೇಕೆಂದು ರೂಢಿ ಮಾಡಿಕೊಳ್ಳಲು, ರೇಡಿಯೋ ಮಾತುಗಳನ್ನು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಲು ಖಂಡಿತ ಸಹಾಯವಾಗುತ್ತದೆ. ಇಳಿಕೆ ಕಲಿಯಲು ಅದನ್ನು ಬಳಸಬೇಡಿ. ಚಿಕ್ಕ ಪರದೆಯಲ್ಲಿ ಪಕ್ಕದ ನೋಟವಿಲ್ಲ, ಯೋಕಿನ ಭಾರ ಕೈಗೆ ತಿಳಿಯುವುದಿಲ್ಲ, ಆದ್ದರಿಂದ ಕಣ್ಣು ಉಪಕರಣಗಳಿಗೇ ಅಂಟಿಕೊಳ್ಳುತ್ತದೆ. ಆ ರೂಢಿ ಬಿಡಿಸಲು ಬೋಧಕರಿಗೆ ಹಲವು ಗಂಟೆಗಳ ಹಾರಾಟ ಹಿಡಿಯುತ್ತದೆ, ಅದರ ಹಣ ಕೊಡಬೇಕಾದವರು ನೀವು. ಆಡಲೇಬೇಕಿದ್ದರೆ ಉಪಕರಣ ಫಲಕವನ್ನು ಪರದೆಯಿಂದ ಮರೆಮಾಡಿ, ದಿಗಂತವನ್ನು ಮಾತ್ರ ನೋಡಿಕೊಂಡು ನೇರವಾಗಿ, ಸಮತಲವಾಗಿ ಹಾರಿಸುವುದನ್ನು ಅಭ್ಯಾಸ ಮಾಡಿ.