ವಿ.ಟಿ. ಎದುರಿನ ಪಾಲಿಕೆ ಕಟ್ಟಡ

ಪ್ರಶ್ನೆ: ಮುಂಬಯಿಯ ವಿ.ಟಿ. (ವಿಕ್ಟೋರಿಯಾ ಟರ್ಮಿನಸ್, ಈಗಿನ ಸಿ.ಎಸ್.ಎಂ.ಟಿ.) ಸ್ಟೇಷನ್ ಎದುರಿನ ಪಾಲಿಕೆ ಕಟ್ಟಡವೇ ಟೌನ್‌ಹಾಲ್ ಎನ್ನುತ್ತಾರಲ್ಲ, ಹೌದೇ? ಸ್ಟೇಷನ್ನಿನ ನಕ್ಷೆ ಮಾಡಿದವರೇ ಇದನ್ನೂ ಮಾಡಿದರೇ?
– ಓದುಗರು, ಡೊಂಬಿವಲಿ

ಉತ್ತರ: ಟೌನ್‌ಹಾಲ್ ಬೇರೆ. ಹಾರ್ನಿಮನ್ ಸರ್ಕಲ್ ಎದುರು, ಮೂವತ್ತು ಮೆಟ್ಟಿಲ ಮೇಲೆ ಎಂಟು ದಪ್ಪ ಕಂಬಗಳು ನಿಂತಿರುವ ಏಷ್ಯಾಟಿಕ್ ಸೊಸೈಟಿ ಗ್ರಂಥಾಲಯವೇ ಅದು. ಮುಗಿದದ್ದು 1833ರಲ್ಲಿ.

ಪಾಲಿಕೆ ಕಟ್ಟಡಕ್ಕೆ 1884ರಲ್ಲಿ ವೈಸ್‌ರಾಯ್ ರಿಪನ್ ಅಡಿಗಲ್ಲು ಹಾಕಿದರೂ ಕಟ್ಟಿ ಮುಗಿದದ್ದು 1893ಕ್ಕೆ. ಮೊದಲು ಮದರಾಸಿನ ವಾಸ್ತುಶಿಲ್ಪಿ ಚಿಸಂ ಅವರ ನಕ್ಷೆ ಒಪ್ಪಿಗೆಯಾಗಿತ್ತು. ಕೊನೆಗೆ ನಿಂತದ್ದು ಎಫ್. ಡಬ್ಲ್ಯು. ಸ್ಟೀವನ್ಸ್ ಅವರ ನಕ್ಷೆ. ವಿ.ಟಿ.ಯೂ ಇವರದೇ. ಖರ್ಚು 11,19,969 ರೂಪಾಯಿ, ಅಂದಾಜಿಗಿಂತ 68,113 ಕಡಿಮೆ! ಸರಕಾರಿ ಕಟ್ಟಡಕ್ಕೆ ಇದು ಅಪರೂಪದ ಮಾತು.

ಎರಡು ರಸ್ತೆ ಕೂಡುವ ಮೂಲೆಯ ಜಾಗವನ್ನು ಸ್ಟೀವನ್ಸ್ ಜಾಣತನದಿಂದ ಬಳಸಿದ್ದಾರೆ. ರಸ್ತೆಗೊಂದರಂತೆ ಎರಡು ರೆಕ್ಕೆ, ಅವು ಸೇರುವಲ್ಲಿ 230 ಅಡಿಗೂ ಮಿಕ್ಕ ಗೋಪುರ. ಮೈಕಟ್ಟು ಗಾಥಿಕ್, ಅಂದರೆ ಚೂಪು ಕಮಾನುಗಳ ಯುರೋಪಿನ ಶೈಲಿ, ಆದರೆ ಗುಮ್ಮಟಗಳನ್ನೂ ಹೂದಳದಂಥ ಕಮಾನುಗಳನ್ನೂ ನೋಡಿ, ಅವು ನಮ್ಮ ನೆಲದವು. ಬೆಳಗ್ಗೆ ಸ್ಟೇಷನ್ ಕಡೆ ನಿಂತರೆ ಬಿಸಿಲು ನೇರ ಕಟ್ಟಡದ ಮುಖಕ್ಕೇ ಬೀಳುತ್ತದೆ, ಕೆತ್ತನೆ ಎದ್ದು ಕಾಣುತ್ತದೆ. ವಿ.ಟಿ. ನೋಡಲು ಸಂಜೆ ಒಳ್ಳೆಯದು.

ಪ್ರಶ್ನೆ: ಫೋರ್ಟ್‌ನ ನಮ್ಮ ಹಳೆಯ ಕಲ್ಲುಕಟ್ಟಡದ ಸಂದುಗಳಿಗೆ ಸಿಮೆಂಟ್ ತುಂಬಿಸಿದೆವು. ಎರಡು ಮಳೆಗಾಲದಲ್ಲೇ ಕಲ್ಲು ಪುಡಿಯಾಗಿ ಉದುರುತ್ತಿದೆ. ಏಕೆ?
– ಓದುಗರು, ಮುಂಬಯಿ

ಉತ್ತರ: ತಪ್ಪು ಸಿಮೆಂಟಿನದು. ಆ ಕಾಲದ ಕೆತ್ತನೆಗೆ ಬಳಸುತ್ತಿದ್ದ ಪೋರಬಂದರ್ ಕಲ್ಲು ಮೆದು, ಮಳೆನೀರು ಹೀರುತ್ತದೆ. ಸುಣ್ಣದ ಗಾರೆಯಾದರೆ ಆ ತೇವ ಸಂದಿನಿಂದ ಆರಿಹೋಗುತ್ತದೆ. ಸಿಮೆಂಟ್ ಅದನ್ನು ತಡೆದಾಗ ನೀರು ಕಲ್ಲಿನ ಮೈಯಿಂದಲೇ ಹೊರಬೀಳಬೇಕು. ಜೊತೆಗೆ ಬಂದ ಉಪ್ಪು ಮೇಲ್ಪದರದಡಿ ಹರಳುಗಟ್ಟಿ ಪದರವನ್ನೇ ಎಬ್ಬಿಸುತ್ತದೆ.

ಕಟ್ಟಡ ಪಾರಂಪರಿಕ ಪಟ್ಟಿಯಲ್ಲಿದ್ದರೆ ಮೊದಲು ಅನುಮತಿ ಪಡೆಯಿರಿ. ಸಿಮೆಂಟನ್ನು ಉಳಿ, ಸುತ್ತಿಗೆಯಿಂದಲೇ ತೆಗೆಸಿ. ಗ್ರೈಂಡರ್ ಜಾರಿದರೆ ಕಲ್ಲಿನ ಅಂಚು ಹೋಯಿತು. ಸಂದಿನ ಅಗಲದ ಎರಡರಷ್ಟು ಆಳಕ್ಕೆ ಕೆರೆದು, ತೊಳೆದು, ಒದ್ದೆಯಿರುವಾಗಲೇ ಒಂದು ಪಾಲು ಸುಣ್ಣ, ಮೂರು ಪಾಲು ತೊಳೆದ ಮರಳಿನ ಗಾರೆ ಒತ್ತಿ ತುಂಬಿಸಿ. ಸಮುದ್ರದ ಮರಳು ಖಂಡಿತ ಬೇಡ. ಮಳೆ ನಿಂತು ಗೋಡೆ ಆರಿದ ಮೇಲೆ ಕೆಲಸ ಹಿಡಿದು, ವಾರಕ್ಕೆ ಕಡಿಮೆಯಿಲ್ಲದೆ ಒದ್ದೆ ಗೋಣಿ ಹೊದಿಸಿಡಿ. ಸುಣ್ಣ ಬೇಗ ಒಣಗಿದರೆ ಬಿರುಕು ಬಿಡುತ್ತದೆ.