ಲೈಬ್ರರಿಗೆ ಯಾವ ಟೂಲ್ ಬೇಕು? ಗ್ರಂಥಪಾಲಕರ ಪ್ರಶ್ನೆಗಳಿಗೆ ಉತ್ತರ

ಲೈಬ್ರರಿ ಕೆಲಸಕ್ಕೆ ಬರುವ ಆನ್‌ಲೈನ್ ಟೂಲ್‌ಗಳ ಬಗ್ಗೆ ಈ ಸಲ ಪತ್ರಗಳು ಜಾಸ್ತಿ ಬಂದಿವೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ಮೇಡಂ, ನಾನು ಕಾಲೇಜೊಂದರ ಗ್ರಂಥಪಾಲಕಿ. ಕಾರ್ಡ್ ಕ್ಯಾಟಲಾಗ್ ಇದ್ದ ಕಾಲದಿಂದ ಈ ಕೆಲಸದಲ್ಲಿದ್ದೇನೆ. ಈಗ ವಾರಕ್ಕೊಂದು ಹೊಸ ಟೂಲ್‌ನ ಹೆಸರು ಕಿವಿಗೆ ಬೀಳುತ್ತದೆ. ಕ್ಯಾಟಲಾಗ್‌ಗೆ ಇದು ಬಳಸಿ ಎಂದು ಒಬ್ಬರು, ನೋಟಿಸ್ ಮಾಡಲು ಅದು ಚೆನ್ನಾಗಿದೆ ಎಂದು ಇನ್ನೊಬ್ಬರು, ಎಲ್ಲಕ್ಕೂ ಎಐ ಇದೆಯಲ್ಲ ಎಂದು ಮತ್ತೊಬ್ಬರು. ಖಾತೆ ತೆರೆಯುತ್ತೇನೆ, ನಾಲ್ಕು ದಿನ ನೋಡುತ್ತೇನೆ, ಆಮೇಲೆ ಪಾಸ್‌ವರ್ಡ್ ಕೂಡ ನೆನಪಿರುವುದಿಲ್ಲ. ಎಲ್ಲವನ್ನೂ ಕಲಿಯಲೇಬೇಕಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಎಲ್ಲವನ್ನೂ ಕಲಿಯಬೇಕಾಗಿಲ್ಲ. ಹೊಸದನ್ನು ಮುಟ್ಟಿ ನೋಡುವ ಅಭ್ಯಾಸ ಮಾತ್ರ ಬಿಡಬೇಡಿ.

2006ರಲ್ಲಿ ಅಮೆರಿಕದ ಶಾರ್ಲೆಟ್ ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಹೆಲೀನ್ ಬ್ಲೋವರ್ಸ್ ಎಂಬವರು ಸಿಬ್ಬಂದಿಗಾಗಿ 23 ಸಣ್ಣ ಕೆಲಸಗಳ ಪಟ್ಟಿಯೊಂದನ್ನು ಮಾಡಿದರು. ಫೋಟೊ ಹಂಚುವ ತಾಣ ನೋಡಿ, ಆರ್‌ಎಸ್‌ಎಸ್ ಫೀಡ್ (ತಾಣಗಳ ಹೊಸ ಬರಹಗಳು ತಾವಾಗೇ ಒಂದು ಕಡೆ ಬಂದು ಸೇರುವ ವ್ಯವಸ್ಥೆ) ಸೇರಿಸಿಕೊಳ್ಳಿ, ಪುಸ್ತಕಗಳ ಪಟ್ಟಿ ಮಾಡಿಡುವ ಲೈಬ್ರರಿಥಿಂಗ್ ತಾಣದಲ್ಲಿ ಕೆಲವು ಪುಸ್ತಕ ಹಾಕಿ, ವಿಕಿಯಲ್ಲಿ ಒಂದು ಸಾಲು ಬರೆಯಿರಿ, ಈ ಥರದ ಕೆಲಸಗಳು. ಯಾರೂ ತರಗತಿ ತೆಗೆದುಕೊಳ್ಳಲಿಲ್ಲ, ಅವರವರೇ ತಮ್ಮ ಪಾಡಿಗೆ ಮಾಡಬೇಕು, ಮುಗಿಸಿದವರಿಗೆ ಒಂದು ಎಂಪಿ3 ಪ್ಲೇಯರ್ ಬಹುಮಾನ. ಆ ಪಟ್ಟಿ ಬೇರೆ ಬೇರೆ ದೇಶಗಳ ಗ್ರಂಥಾಲಯಗಳಿಗೂ ಹೋಯಿತು. ಅದು ಹಿಡಿಸಲು ಕಾರಣ ನನಗೆ ಕಂಡಂತೆ ಇಷ್ಟೇ: ಒಂದೊಂದು ಕೆಲಸವೂ ಚಿಕ್ಕದು, ತಪ್ಪಾದರೆ ಲೈಬ್ರರಿಗೆ ನಷ್ಟವಿಲ್ಲ.

ಆ ಪಟ್ಟಿಯಲ್ಲಿದ್ದ ಡೆಲಿಶಿಯಸ್ ಎಂಬ ತಾಣ ಈಗಿಲ್ಲ. ವೆಬ್ ಪುಟಗಳ ವಿಳಾಸ ಕೂಡಿಡಲು ಅದನ್ನು ಎಷ್ಟೋ ಗ್ರಂಥಪಾಲಕರು ನೆಚ್ಚಿಕೊಂಡಿದ್ದರು. ಕೈಯಿಂದ ಕೈಗೆ ಮಾರಾಟವಾಗಿ 2017ರಲ್ಲಿ ನಿಂತುಹೋಯಿತು. ಆರ್‌ಎಸ್‌ಎಸ್ ಫೀಡ್ ಓದಲು ಬಳಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿತು. ಆದರೆ ಆರ್‌ಎಸ್‌ಎಸ್ ಉಳಿದುಕೊಂಡಿದೆ ನೋಡಿ. ಅದು ಯಾವ ಒಂದು ಕಂಪನಿಯ ಸ್ವತ್ತೂ ಆಗಿರಲಿಲ್ಲ. ತಮ್ಮ ಫೀಡ್‌ಗಳ ಪಟ್ಟಿಯನ್ನು ಇಳಿಸಿಕೊಂಡಿದ್ದವರು ಅದನ್ನೇ ಬೇರೆ ರೀಡರ್‌ಗೆ ಹಾಕಿ ಕೆಲಸ ಮುಂದುವರಿಸಿದರು. ಹಾಗಾಗಿ ಯಾವುದೇ ಟೂಲ್‌ನಲ್ಲಿ ನಾನು ಮೊದಲು ಹುಡುಕುವುದು ಎಕ್ಸ್‌ಪೋರ್ಟ್ ಎಲ್ಲಿದೆ ಎಂದು. ನಾವು ತುಂಬಿದ್ದನ್ನು ಪೂರ್ತಿಯಾಗಿ, ಬೇರೆ ಕಡೆ ಓದಲು ಬರುವ ರೂಪದಲ್ಲಿ ವಾಪಸ್ ಕೊಡುತ್ತದಾ? ಕೊಡದಿದ್ದರೆ ಎಷ್ಟೇ ಚಂದ ಇರಲಿ, ಲೈಬ್ರರಿಯ ದಾಖಲೆಗಳನ್ನು ಅದರೊಳಗೆ ಹಾಕಬೇಡಿ.

ಈಗ ನಿಮ್ಮ ಪ್ರಶ್ನೆಗೆ. ಟೂಲ್‌ಗಳ ಹೆಸರು ಪಕ್ಕಕ್ಕಿಡಿ. ಒಂದು ವಾರ ಕೌಂಟರ್‌ನಲ್ಲಿ ಒಂದು ಹಾಳೆ ಇಟ್ಟುಕೊಳ್ಳಿ. ಒಂದೇ ವಿಷಯವನ್ನು ಎರಡು ಕಡೆ ಬರೆದಾಗಲೆಲ್ಲ ಅದರಲ್ಲಿ ಗುರುತು ಮಾಡಿ. ಓದುಗರೊಬ್ಬರು ಉತ್ತರಕ್ಕಾಗಿ ಕಾದರೆ ಅದನ್ನೂ ಬರೆಯಿರಿ. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಅನ್ನುತ್ತದೆ, ನೀವೂ ಓದಿರುತ್ತೀರಿ. ಟೂಲ್ ಆರಿಸಲು ಇವತ್ತಿಗೂ ಅದಕ್ಕಿಂತ ಒಳ್ಳೆಯ ಅಳತೆ ನನಗೆ ಸಿಕ್ಕಿಲ್ಲ. ಹಾಳೆಯಲ್ಲಿ ಯಾವುದು ಪದೇ ಪದೇ ಬಂದಿದೆಯೋ ಆ ಒಂದು ಕೆಲಸಕ್ಕೆ ಮಾತ್ರ ಟೂಲ್ ಹುಡುಕಿ. ಮಿಕ್ಕ ಹೆಸರುಗಳನ್ನು ಒಂದು ಕಡೆ ಬರೆದಿಡಿ, ಬೇಕಾದಾಗ ತೆಗೆದು ನೋಡಿದರಾಯಿತು.

ಪ್ರಶ್ನೆ: ನಮ್ಮ ಲೈಬ್ರರಿಯಲ್ಲಿ ಕೆಲವು ಸಾವಿರ ಪುಸ್ತಕಗಳಿವೆ. ಪಟ್ಟಿ ಎಕ್ಸೆಲ್‌ನಲ್ಲಿದೆ. ಕೋಹಾ ಎಂಬ ಲೈಬ್ರರಿ ತಂತ್ರಾಂಶ ಹಾಕಿಸಿ ಎಂದು ಎಲ್ಲರೂ ಹೇಳುತ್ತಾರೆ, ಅದು ಉಚಿತ ಅಂತೆ. ನಾನೊಬ್ಬನೇ ಸಿಬ್ಬಂದಿ. ಹಾಕಿಸಲಾ?

ಉತ್ತರ: ಕೋಹಾ ನನಗೆ ತುಂಬಾ ಇಷ್ಟದ ತಂತ್ರಾಂಶ, ಅದಕ್ಕೇ ಅದರ ಕಷ್ಟವನ್ನೂ ಹೇಳಿಬಿಡುತ್ತೇನೆ. ನ್ಯೂಜಿಲೆಂಡ್‌ನ ಹೊರೊಫೆನುವಾ ಲೈಬ್ರರಿ ಟ್ರಸ್ಟ್ 1999ರಲ್ಲಿ ತನ್ನ ಹಳೆಯ ವ್ಯವಸ್ಥೆ 2000ನೇ ಇಸವಿಗೆ ಕಾಲಿಟ್ಟಾಗ ಕೈಕೊಡಬಹುದೆಂದು ಹೊಸದೊಂದನ್ನು ಬರೆಸಿತು. 2000ದ ಜನವರಿ ಮೊದಲ ವಾರದಲ್ಲೇ ಅದು ಕೆಲಸ ಶುರು ಮಾಡಿತು. ಅದನ್ನು ಎಲ್ಲರೂ ಬಳಸಲಿ ಎಂದು ಮುಕ್ತವಾಗಿ ಬಿಟ್ಟಿದ್ದರಿಂದ ಇವತ್ತು ನಮಗೆಲ್ಲ ಸಿಕ್ಕಿದೆ. ಇಶ್ಯೂ, ರಿಟರ್ನ್, ಕ್ಯಾಟಲಾಗ್, ನಿಯತಕಾಲಿಕೆ, ಖರೀದಿ ಎಲ್ಲವೂ ಅದರಲ್ಲಿದೆ. ಆದರೆ ಅದು ಲಿನಕ್ಸ್ ಸರ್ವರ್ ಮೇಲೆ ಓಡುತ್ತದೆ, ವರ್ಷಕ್ಕೆರಡು ಸಲ ಹೊಸ ಆವೃತ್ತಿ ಬರುತ್ತದೆ, ಅಪ್‌ಡೇಟ್ ಮತ್ತು ಬ್ಯಾಕಪ್ ನೋಡಿಕೊಳ್ಳುವ ಒಬ್ಬರು ಬೇಕೇ ಬೇಕು. ತಂತ್ರಾಂಶಕ್ಕೆ ದುಡ್ಡಿಲ್ಲ ನಿಜ, ಅದನ್ನು ನೋಡಿಕೊಳ್ಳುವ ಕೆಲಸಕ್ಕೆ ಜನ ಬೇಕಲ್ಲ. ಅಂಥವರು ನಿಮ್ಮ ಸಂಸ್ಥೆಯಲ್ಲಿದ್ದರೆ, ಅಥವಾ ಹೋಸ್ಟಿಂಗ್ ಕೊಡುವವರ ಜೊತೆ ಸಂಸ್ಥೆ ಒಪ್ಪಂದ ಮಾಡಿಕೊಂಡರೆ, ಧೈರ್ಯವಾಗಿ ಹಾಕಿಸಿ. ಇಲ್ಲದಿದ್ದರೆ ಸಣ್ಣ ಲೈಬ್ರರಿಗಳಿಗೆಂದೇ ಇರುವ ಟೈನಿಕ್ಯಾಟ್ ಥರದ್ದನ್ನು ನೋಡಿ. ಲೈಬ್ರರಿಥಿಂಗ್‌ನವರದ್ದೇ ಅದು, 20,000 ದಾಖಲೆಗಳವರೆಗಿನ ಲೈಬ್ರರಿಗಳಿಗೆ ಮಾಡಿದ್ದು. ಬ್ರೌಸರ್‌ನಲ್ಲೇ ನಡೆಯುತ್ತದೆ, ಸರ್ವರ್ ತಲೆನೋವಿಲ್ಲ. ಎರಡಕ್ಕೂ ಮೊದಲು ಕೋಹಾದ ಡೆಮೊ ತಾಣಕ್ಕೆ ಹೋಗಿ ಸುಮ್ನೆ ಒಂದು ಪುಸ್ತಕ ಸೇರಿಸಿ, ಇಶ್ಯೂ ಮಾಡಿ, ವಾಪಸ್ ತೆಗೆದುಕೊಳ್ಳಿ. ಯಾರ ವಿವರಣೆ ಕೇಳುವುದಕ್ಕಿಂತ ಅದು ಜಾಸ್ತಿ ತಿಳಿಸುತ್ತದೆ.

ನಿಮ್ಮ ನಿಜವಾದ ಕೆಲಸ ಇರುವುದು ಎಕ್ಸೆಲ್‌ನಲ್ಲಿ, ಅದನ್ನು ಯಾರೂ ಹೇಳುವುದಿಲ್ಲ. ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆಯ ಕಾಲಂ ತೆರೆದು ನೋಡಿ. 13 ಅಂಕಿಯ ಸಂಖ್ಯೆಯ ಜಾಗದಲ್ಲಿ 9.78ಇ+12 ಎಂಬಂಥದ್ದು ಕಾಣುತ್ತಿದೆಯಾ? ಎಕ್ಸೆಲ್ ಅದನ್ನು ದೊಡ್ಡ ಸಂಖ್ಯೆ ಎಂದುಕೊಂಡು ಚುಟುಕಾಗಿ ತೋರಿಸುತ್ತಿದೆ. ಸೆಲ್‌ನಲ್ಲಿ ಪೂರ್ತಿ ಅಂಕಿಗಳು ಇನ್ನೂ ಇವೆ. ಆದರೆ ಹಾಗೇ ಸಿಎಸ್‌ವಿ (ಬೇರೆ ತಂತ್ರಾಂಶಗಳೂ ಓದಬಲ್ಲ ಸರಳ ಪಠ್ಯದ ಫೈಲ್) ಆಗಿ ಉಳಿಸಿದಿರೋ, ಕಾಣುವ ಚುಟುಕು ರೂಪವೇ ಫೈಲಿಗೆ ಹೋಗುತ್ತದೆ, ಸಾವಿರಾರು ಪುಸ್ತಕಗಳಿಗೆ ಒಂದೇ ಐಎಸ್‌ಬಿಎನ್ ಬಂದು ಕೂರುತ್ತದೆ. 2007ಕ್ಕೆ ಮುಂಚಿನ 10 ಅಂಕಿಯ ಐಎಸ್‌ಬಿಎನ್‌ಗಳಲ್ಲಿ ಮೊದಲ ಸೊನ್ನೆ ಇದ್ದರೆ ಅದೂ ಹಾರಿಹೋಗಿರುತ್ತದೆ. ಹೊಸದಾಗಿ ಟೈಪ್ ಮಾಡುವಾಗ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಕೊಳ್ಳಿ. ಈಗಾಗಲೇ ಇರುವುದನ್ನು ದಶಾಂಶವಿಲ್ಲದ ಸಂಖ್ಯೆಯ ರೂಪಕ್ಕೆ ಬದಲಿಸಿ, ಪೂರ್ತಿ ಅಂಕಿ ಕಂಡ ಮೇಲೆ ಉಳಿಸಿ. ಉಳಿಸುವಾಗ ಸಿಎಸ್‌ವಿ ಯುಟಿಎಫ್-8 ಎಂಬುದನ್ನೇ ಆರಿಸಿ, ಇಲ್ಲದಿದ್ದರೆ ಕನ್ನಡ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಹಳೆಯ ಪಟ್ಟಿಯನ್ನು ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು, ಆಮೇಲೆ ಕಣ್ಣಾಡಿಸಿ ತಿದ್ದಬೇಕು. ಒತ್ತಕ್ಷರಗಳಲ್ಲಿ ತಪ್ಪು ಉಳಿದಿರುವ ಸಾಧ್ಯತೆ ಜಾಸ್ತಿ.

ಐಎಸ್‌ಬಿಎನ್ ಸರಿ ಇದ್ದರೆ ಮುಂದಿನದು ಸುಲಭ. ಕೋಹಾದಲ್ಲಿ ಝಡ್39.50 ಎಂಬ ಸೌಲಭ್ಯವಿದೆ. ಸಂಖ್ಯೆ ಕೊಟ್ಟರೆ ಲೈಬ್ರರಿ ಆಫ್ ಕಾಂಗ್ರೆಸ್‌ನಂಥ ದೊಡ್ಡ ಗ್ರಂಥಾಲಯಗಳ ದಾಖಲೆಯನ್ನೇ ತಂದುಕೊಡುತ್ತದೆ, ನೀವು ಆಕ್ಸೆಷನ್ ನಂಬರ್ (ಲೈಬ್ರರಿಗೆ ಬಂದ ಪ್ರತಿ ಪುಸ್ತಕಕ್ಕೆ ಕೊಡುವ ಕ್ರಮಸಂಖ್ಯೆ) ಮತ್ತು ಕಾಲ್ ನಂಬರ್ (ಕಪಾಟಿನಲ್ಲಿ ಅದರ ಜಾಗ ಹೇಳುವ ಸಂಖ್ಯೆ) ಸೇರಿಸಿದರೆ ಮುಗಿಯಿತು. ಕನ್ನಡ ಪುಸ್ತಕಗಳಿಗೆ ಹೀಗೆ ಬರುವ ದಾಖಲೆಗಳಲ್ಲಿ ಹೆಸರು ಹೆಚ್ಚಾಗಿ ರೋಮನ್ ಅಕ್ಷರದಲ್ಲಿರುತ್ತದೆ. ಓದುಗರು ಹುಡುಕುವುದು ಕನ್ನಡದಲ್ಲಿ. ಹಾಗಾಗಿ ಕನ್ನಡ ಶೀರ್ಷಿಕೆಯನ್ನು ನೀವೇ ಸೇರಿಸಲೇಬೇಕು. ಕಾವ್ಯನಾಮ ಇರುವ ಲೇಖಕರ ನಿಜನಾಮವನ್ನೂ ಅದೇ ದಾಖಲೆಗೆ ಕೊಂಡಿ ಹಾಕಿ. ಐಎಸ್‌ಬಿಎನ್ ವ್ಯವಸ್ಥೆ ಬಂದದ್ದೇ 1970ರ ಸುಮಾರಿಗೆ. ಅದಕ್ಕೂ ಹಳೆಯ ಪುಸ್ತಕಗಳನ್ನು ಕೈಯಾರೆ ಮಾಡದೆ ದಾರಿಯಿಲ್ಲ. ಅವನ್ನು ಕೊನೆಗಿಡಿ, ಜನ ಜಾಸ್ತಿ ಕೇಳುವ ಕಪಾಟಿನಿಂದ ಶುರು ಮಾಡಿ.

ಪ್ರಶ್ನೆ: ವಿದ್ಯಾರ್ಥಿಗಳು ಚಾಟ್‌ಬಾಟ್ ಕೊಟ್ಟ ಪುಸ್ತಕಗಳ ಪಟ್ಟಿ ಹಿಡಿದುಕೊಂಡು ಬರುತ್ತಾರೆ. ಎಷ್ಟು ಹುಡುಕಿದರೂ ಕೆಲವು ಸಿಗುವುದಿಲ್ಲ. ನನಗೇ ಹುಡುಕಲು ಬರುವುದಿಲ್ಲವೇನೋ ಅನ್ನಿಸುತ್ತದೆ. ಏನು ಹೇಳಲಿ ಅವರಿಗೆ?

ಉತ್ತರ: ನಿಮಗೆ ಹುಡುಕಲು ಚೆನ್ನಾಗಿ ಬರುತ್ತದೆ. ಆ ಪುಸ್ತಕಗಳೇ ಇಲ್ಲದಿರಬಹುದು. ಭಾಷಾ ಮಾದರಿ ಯಾವ ಪದದ ಪಕ್ಕ ಯಾವ ಪದ ಬರುತ್ತದೆ ಎಂಬ ಅಂದಾಜಿನ ಮೇಲೆ ವಾಕ್ಯ ಕಟ್ಟುತ್ತದೆ. ನಿಜವಾದ ಲೇಖಕರ ಹೆಸರು, ನಿಜವಾದ ನಿಯತಕಾಲಿಕೆಯ ಹೆಸರು, ನಂಬುವಂಥ ವರ್ಷ ಎಲ್ಲ ಸೇರಿಸಿ, ಯಾರೂ ಬರೆಯದ ಲೇಖನವೊಂದನ್ನು ಮುಂದಿಡುತ್ತದೆ. 2023ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯದಲ್ಲಿ ವಕೀಲರು ಚಾಟ್‌ಜಿಪಿಟಿ ಕೊಟ್ಟ ಹಳೆಯ ತೀರ್ಪುಗಳನ್ನು ಪರೀಕ್ಷಿಸದೆ ಅರ್ಜಿಯಲ್ಲಿ ಹಾಕಿದ್ದರು. ಆ ತೀರ್ಪುಗಳು ಇರಲೇ ಇಲ್ಲ. 5,000 ಡಾಲರ್ ದಂಡ ಬಿತ್ತು. ವಕೀಲರಿಗೇ ಹೀಗಾದ ಮೇಲೆ ವಿದ್ಯಾರ್ಥಿಗಳನ್ನು ಬೈಯುವುದು ಸರಿಯಲ್ಲ. ಈಗಿನ ಕೆಲವು ಚಾಟ್‌ಬಾಟ್‌ಗಳು ವೆಬ್ ಹುಡುಕಿ ಕೊಂಡಿ ಕೊಡುತ್ತವೆ. ಆಗಲೂ ಕೊಂಡಿ ತೆರೆದು, ಅಲ್ಲಿ ಅದೇ ವಿಷಯ ಇದೆಯಾ ಎಂದು ಓದಲೇಬೇಕು.

ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಉಲ್ಲೇಖವನ್ನು ಒಟ್ಟಿಗೆ ಪರೀಕ್ಷಿಸಿ. ಪುಸ್ತಕವಾದರೆ ಹೆಸರನ್ನು ವರ್ಲ್ಡ್‌ಕ್ಯಾಟ್‌ನಲ್ಲಿ ಹಾಕಿ. 1971ರಿಂದ ಬೆಳೆಯುತ್ತಾ ಬಂದಿರುವ, ಪ್ರಪಂಚದ ಸಾವಿರಾರು ಗ್ರಂಥಾಲಯಗಳು ಸೇರಿ ಕಟ್ಟಿರುವ ಕ್ಯಾಟಲಾಗ್ ಅದು. ಲೇಖನವಾದರೆ ಅದರ ಡಿಒಐ (ಲೇಖನಕ್ಕೆ ಕೊಡುವ ಶಾಶ್ವತ ಆನ್‌ಲೈನ್ ಗುರುತು) ಸಂಖ್ಯೆ ಹಾಕಿ, ಎಲ್ಲಿಗೆ ಹೋಗುತ್ತದೆ ನೋಡಿ. ಡಿಒಐ ಇಲ್ಲದಿದ್ದರೆ ಆ ನಿಯತಕಾಲಿಕೆಯ ಆ ಸಂಪುಟದ ಪರಿವಿಡಿ ತೆರೆದು, ಹೇಳಿದ ಪುಟದಲ್ಲಿ ಏನಿದೆ ಎಂದು ತೋರಿಸಿ. ವರ್ಲ್ಡ್‌ಕ್ಯಾಟ್‌ನಲ್ಲಿ ಇಲ್ಲ ಎಂದ ಮಾತ್ರಕ್ಕೆ ಪುಸ್ತಕವೇ ಇಲ್ಲ ಎಂದು ತೀರ್ಮಾನಿಸಬೇಡಿ, ಸಣ್ಣ ಪ್ರಕಾಶಕರ ಎಷ್ಟೋ ಪುಸ್ತಕಗಳು ಅಲ್ಲಿಗೆ ಹೋಗಿರುವುದಿಲ್ಲ. ಆಗ ಪ್ರಕಾಶಕರ ಪಟ್ಟಿ ನೋಡಬೇಕು. ಈ ಹುಡುಕಾಟ ಕಣ್ಣೆದುರೇ ನಡೆದರೆ ಮುಂದಿನ ಸಲ ಅವರೇ ಮಾಡಿಕೊಂಡು ಬರುತ್ತಾರೆ. ಗ್ರಂಥಪಾಲಕರ ಕೆಲಸ ಇನ್ನು ಮುಗಿಯಿತು ಅನ್ನುವವರು ಈ ಅರ್ಧ ಗಂಟೆ ಬಂದು ನೋಡಬೇಕು ಎಂದು ನನಗೆ ಅನ್ನಿಸುತ್ತದೆ.

ಚಾಟ್‌ಬಾಟ್ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ನೋಟಿಸ್‌ನ ಕರಡು ಬರೆಯಲು, ಎಕ್ಸೆಲ್ ಸೂತ್ರ ಕೇಳಲು, ಒಂದು ವಿಷಯವನ್ನು ಬೇರೆ ಯಾವ ಪದಗಳಿಂದ ಹುಡುಕಬಹುದು ಎಂದು ತಿಳಿಯಲು ಅದು ಚೆನ್ನಾಗಿದೆ. ತಪ್ಪಿದ್ದರೆ ನಿಮಗೆ ಕೂಡಲೇ ಗೊತ್ತಾಗುವ ಕೆಲಸಗಳನ್ನು ಅದಕ್ಕೆ ಕೊಡಿ.

ಪ್ರಶ್ನೆ: ಸಂಶೋಧನೆ ಮಾಡುವವರು ಉಲ್ಲೇಖ ಪಟ್ಟಿ ಮಾಡಿಕೊಡಿ ಎಂದು ಕೇಳುತ್ತಾರೆ. ಉಚಿತವಾದದ್ದು ಏನಿದೆ?

ಉತ್ತರ: ಝೊಟೆರೊ. 2006ರಲ್ಲಿ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು, ಮುಕ್ತ ತಂತ್ರಾಂಶ. ಐಎಸ್‌ಬಿಎನ್ ಅಥವಾ ಡಿಒಐ ಕೊಟ್ಟರೆ ವಿವರಗಳನ್ನು ತಾನೇ ತುಂಬಿಕೊಳ್ಳುತ್ತದೆ, ವರ್ಡ್‌ನಲ್ಲೂ ಲಿಬ್ರೆಆಫೀಸ್‌ನಲ್ಲೂ ಬೇಕಾದ ಶೈಲಿಯಲ್ಲಿ ಪಟ್ಟಿ ಹಾಕಿಕೊಡುತ್ತದೆ. ಆನ್‌ಲೈನ್ ಜಾಗ 300 ಎಂಬಿ ಮಾತ್ರ ಉಚಿತ, ಪಿಡಿಎಫ್‌ಗಳನ್ನು ಕಂಪ್ಯೂಟರ್‌ನಲ್ಲೇ ಇಟ್ಟುಕೊಂಡರೆ ಸಾಕಾಗುತ್ತದೆ. ತುಂಬಿಕೊಂಡ ವಿವರಗಳಲ್ಲಿ ತಪ್ಪಿರುತ್ತದೆ, ಮುಖ್ಯವಾಗಿ ಲೇಖಕರ ಹೆಸರಿನ ಕ್ರಮದಲ್ಲಿ. ಪಟ್ಟಿಯನ್ನು ನೀವು ಮಾಡಿಕೊಡಬೇಡಿ, ಅವರಿಗೇ ಕಲಿಸಿಕೊಡಿ.

ಪ್ರಶ್ನೆ: ಪುಸ್ತಕ ಕಾಯ್ದಿರಿಸಲು ಗೂಗಲ್ ಫಾರ್ಮ್ ಮಾಡಿದ್ದೇನೆ. ಹೆಸರು, ಫೋನ್, ವಿಳಾಸ, ಹುಟ್ಟಿದ ದಿನ, ಬೇಕಾದ ಪುಸ್ತಕ ಎಲ್ಲ ಕೇಳಿದ್ದೇನೆ. ಚೆನ್ನಾಗಿ ನಡೆಯುತ್ತಿದೆ. ಇನ್ನೇನು ಸೇರಿಸಬಹುದು?

ಉತ್ತರ: ಚೆನ್ನಾಗಿ ನಡೆಯುತ್ತಿರುವುದು ಸಂತೋಷ. ಸೇರಿಸುವ ಬದಲು ಕೆಲವನ್ನು ತೆಗೆಯಿರಿ. ಪುಸ್ತಕ ಬಂದಿದೆ ಎಂದು ತಿಳಿಸಲು ಹುಟ್ಟಿದ ದಿನ ಯಾಕೆ? ವಿಳಾಸ ಯಾಕೆ? ಸದಸ್ಯತ್ವ ಸಂಖ್ಯೆ ಮತ್ತು ಫೋನ್ ಸಾಕು. ಯಾರು ಏನು ಓದುತ್ತಾರೆ ಎಂಬುದು ಅವರ ಸ್ವಂತ ವಿಷಯ, ಅಲ್ವಾ? ಕಾಯಿಲೆಯ ಬಗ್ಗೆಯೋ ವಿಚ್ಛೇದನದ ಬಗ್ಗೆಯೋ ಪುಸ್ತಕ ಕೇಳಿದವರ ಹೆಸರು ಆ ಶೀಟ್‌ನಲ್ಲಿ ಕೂತಿರುತ್ತದೆ. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ತನ್ನ ನೀತಿ ಸಂಹಿತೆಯಲ್ಲಿ ಓದುಗರ ಗುಟ್ಟು ಕಾಯಬೇಕು ಎಂದು 1939ರಲ್ಲೇ ಬರೆದಿತ್ತು, ಕಂಪ್ಯೂಟರ್ ಬರುವ ಎಷ್ಟೋ ಮೊದಲು. ಈಗಲೇ ಆ ಶೀಟ್‌ನ ಹಂಚಿಕೆ ಸೆಟ್ಟಿಂಗ್ ತೆರೆದು ನೋಡಿ. ಲಿಂಕ್ ಇರುವ ಯಾರಾದರೂ ನೋಡಬಹುದು ಎಂದಿದ್ದರೆ ಕೂಡಲೇ ಬದಲಿಸಿ. ಪುಸ್ತಕ ಕೊಟ್ಟಾದ ಮೇಲೆ ಆ ಸಾಲನ್ನು ಅಳಿಸಿ. ಕೋಹಾ ಬಳಸುವವರಿಗೆ ಒಂದು ಮಾತು: ವಾಪಸ್ ಬಂದ ಪುಸ್ತಕಗಳ ಇತಿಹಾಸದಿಂದ ಓದುಗರ ಹೆಸರು ತೆಗೆಯುವ ಆಯ್ಕೆ ಅದರಲ್ಲಿದೆ, ಆನ್ ಮಾಡಿಕೊಳ್ಳಿ.

ಪ್ರಶ್ನೆ: ಎಲ್ಲ ಆನ್‌ಲೈನ್ ಆದ ಮೇಲೆ ಆಕ್ಸೆಷನ್ ರಿಜಿಸ್ಟರ್ ಬರೆಯುವುದನ್ನು ನಿಲ್ಲಿಸಬಹುದಾ?

ಉತ್ತರ: ನಿಮ್ಮ ಸಂಸ್ಥೆಯ ಲೆಕ್ಕಪರಿಶೋಧನೆಯ ನಿಯಮ ಏನು ಹೇಳುತ್ತದೆ ಎಂದು ಮೊದಲು ಕೇಳಿ. ನಿಯಮ ಒಪ್ಪಿದರೂ ಅವಸರ ಬೇಡ. 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ರ್‍ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶ) ದಾಳಿಯಾಯಿತು. ಅದರ ಆನ್‌ಲೈನ್ ಕ್ಯಾಟಲಾಗ್ ಮತ್ತೆ ಕಾಣಿಸಿದ್ದು 2024ರ ಜನವರಿಯಲ್ಲಿ, ಅದೂ ಬರೀ ಹುಡುಕಿ ನೋಡಲು. ಅಷ್ಟು ದೊಡ್ಡ ಸಂಸ್ಥೆಗೇ ತಿಂಗಳುಗಳು ಹಿಡಿದವು. ಇಂಟರ್ನೆಟ್ ಆರ್ಕೈವ್ ಕೂಡ 2024ರ ಅಕ್ಟೋಬರ್‌ನಲ್ಲಿ ದಾಳಿಗೆ ಸಿಕ್ಕಿ ಕೆಲವು ದಿನ ನಿಂತಿತ್ತು.

ಕ್ಯಾಟಲಾಗ್ ಅನ್ನು ವಾರಕ್ಕೊಮ್ಮೆ ಎಕ್ಸ್‌ಪೋರ್ಟ್ ಮಾಡಿ. ಒಂದು ಪ್ರತಿ ನೆಟ್‌ವರ್ಕ್‌ಗೆ ಅಂಟಿಕೊಂಡಿರದ ಡ್ರೈವ್‌ನಲ್ಲಿರಲಿ, ಯಾಕೆಂದರೆ ರ್‍ಯಾನ್ಸಮ್‌ವೇರ್ ತಾನು ತಲುಪಬಲ್ಲ ಬ್ಯಾಕಪ್‌ಗಳನ್ನೂ ಬೀಗ ಹಾಕಿಬಿಡುತ್ತದೆ. ಆ ಬ್ಯಾಕಪ್‌ನಿಂದ ಕ್ಯಾಟಲಾಗ್ ಮತ್ತೆ ಏಳುತ್ತದಾ ಎಂದು ಬೇರೊಂದು ಕಂಪ್ಯೂಟರ್‌ನಲ್ಲಿ ಮಾಡಿ ನೋಡಿ, ಹಾಗೆ ನೋಡದ ಬ್ಯಾಕಪ್ ಮೇಲೆ ನನಗಂತೂ ಭರವಸೆ ಇಲ್ಲ. ಯಾವ ಪುಸ್ತಕ ಯಾರ ಬಳಿ ಇದೆ ಎಂಬ ಪಟ್ಟಿಯನ್ನು ದಿನದ ಕೊನೆಗೆ ಇಳಿಸಿ ಬೀಗದ ಡ್ರಾಯರ್‌ನಲ್ಲಿಡಿ, ಮರುದಿನ ಹೊಸದು ಬಂದ ಕೂಡಲೇ ಹಳೆಯದನ್ನು ಹರಿದುಹಾಕಿ. ರಿಜಿಸ್ಟರ್‌ಗೆ ಕೈಯಲ್ಲಿ ಬರೆಯುವುದು ಭಾರ ಅನ್ನಿಸಿದರೆ ತಿಂಗಳಿಗೊಮ್ಮೆ ಹೊಸ ಪುಸ್ತಕಗಳ ಪಟ್ಟಿಯನ್ನು ಆಕ್ಸೆಷನ್ ನಂಬರ್ ಕ್ರಮದಲ್ಲಿ ಮುದ್ರಿಸಿ, ಪ್ರತಿ ಪುಟಕ್ಕೂ ಸಹಿ ಹಾಕಿ ಬೈಂಡ್ ಮಾಡಿಸಿಡಿ. ಎಷ್ಟೋ ಲೈಬ್ರರಿಗಳು ಈಗ ಹೀಗೇ ಮಾಡುತ್ತಿವೆ.