ಶ್ರೀಲಂಕಾದಲ್ಲಿ ನಮ್ಮಂತೆ ರಾಜ್ಯಗಳಿವೆಯೇ? ಅಲ್ಲಿನ ಆಡಳಿತ ವಿಭಾಗಗಳು ಯಾವುವು?

ರಾಜ್ಯಗಳಿಲ್ಲ. 9 ಪ್ರಾಂತ್ಯಗಳಿವೆ, ಅವುಗಳೊಳಗೆ 25 ಜಿಲ್ಲೆಗಳು.

ಪ್ರಾಂತ್ಯದ ಗೆರೆಗಳು ಬ್ರಿಟಿಷರ ಕಾಲದವು: 1833ರಲ್ಲಿ ಐದಿದ್ದವು, 1889ರಲ್ಲಿ ಸಬರಗಮುವ ಸೇರಿ ಒಂಬತ್ತಾದವು. ಚುನಾಯಿತ ಮಂಡಳಿ, ಮುಖ್ಯಮಂತ್ರಿ ಎಂಬ ವ್ಯವಸ್ಥೆ ಬಂದದ್ದು ಮಾತ್ರ 1987ರ ಭಾರತ-ಶ್ರೀಲಂಕಾ ಒಪ್ಪಂದದ ಬೆನ್ನಿಗೇ ಆದ, ಅಲ್ಲಿನ ಸಂವಿಧಾನದ 13ನೇ ತಿದ್ದುಪಡಿಯಿಂದ. ಆಗ ತಮಿಳರ ಬೇಡಿಕೆಗೆ ಮಣಿದು ಉತ್ತರ, ಪೂರ್ವ ಪ್ರಾಂತ್ಯಗಳನ್ನು ಒಂದುಗೂಡಿಸಿದರು. 2006ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ವಿಲೀನ ಅಸಿಂಧು ಎಂದಿತು. ಪೊಲೀಸ್ ಅಧಿಕಾರವಂತೂ ಪ್ರಾಂತ್ಯಗಳಿಗೆ ಕಾಗದದ ಮೇಲಷ್ಟೇ ಸಿಕ್ಕಿದೆ. ಹಾಗಾಗಿ ಇವುಗಳನ್ನು ನಮ್ಮ ರಾಜ್ಯಗಳಿಗೆ ಹೋಲಿಸುವುದು ಅತಿಯಾಯಿತು.

ಜನರಿಗೆ ನಿತ್ಯ ಬೇಕಾಗುವವರು ಗ್ರಾಮ ನಿಲಧಾರಿ, ಅಂದರೆ ಗ್ರಾಮಮಟ್ಟದ ಸರ್ಕಾರಿ ಅಧಿಕಾರಿ. ವಾಸದ ದೃಢೀಕರಣಕ್ಕೂ ಮತದಾರರ ಪಟ್ಟಿಗೂ ಅವರ ಬಳಿಗೇ ಹೋಗಬೇಕು. ಅವರ ಮೇಲಧಿಕಾರಿ, ಜಿಲ್ಲೆಯೊಳಗಿನ ಒಂದು ವಿಭಾಗವನ್ನು ನೋಡಿಕೊಳ್ಳುವ ವಿಭಾಗೀಯ ಕಾರ್ಯದರ್ಶಿ. ಇಬ್ಬರೂ ಪ್ರಾಂತ್ಯಕ್ಕಲ್ಲ, ಕೇಂದ್ರ ಸರ್ಕಾರಕ್ಕೆ ಸೇರಿದವರು.